ಬೆಳ್ಳಿ ನೀರಿಗೆ ತಕ್ಕ ಬಾಟಲಿ

"ಬಾಟ್ಲಿ ವಾಪಸ್ ತಂದು ಕೊಡ್ತೀನ್ರಿ ಸರ್. ಖಾಲಿ ತರಂಗಿಲ್ಲ."

ಹೀಗೆ ಮಾತು ಕೊಟ್ಟವಳು ಇಂದ್ರವ್ವ ಕುಂಬಾರ. ಮಾತು ಪಡೆದವನು ಕಾಲೇಜಿನ ಲ್ಯಾಬ್ ಅಟೆಂಡರ್ ಮೌನೇಶ ಪತ್ತಾರ. ಬಾಟಲಿ ನಾನು. ಇದು ನಡೆದು ಹನ್ನೊಂದು ವರ್ಷದ ಮೇಲಾಯಿತು.

ಆ ಕಡೆಯ ಮನೆಗಳಲ್ಲಿ ಎರವಲು ತಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಒಂದು ಹಿಡಿ ಅಕ್ಕಿಯನ್ನೋ, ಒಂದು ಚೂರು ಬೆಲ್ಲವನ್ನೋ ಹಾಕಿಯೇ ಕೊಡುತ್ತಾರೆ. ಮನೆಯಲ್ಲಿ ಏನೂ ಇಲ್ಲದ ದಿನವೂ ಒಂದು ಚಮಚ ಸಕ್ಕರೆಯಾದರೂ ಬೀಳುತ್ತದೆ. ಹಾಗಾಗಿ ಇಂದ್ರವ್ವ ಆ ಮಾತಿನ ಎರಡನೆಯ ಅರ್ಧವನ್ನು ಯೋಚಿಸಿ ಆಡಿದ್ದಲ್ಲ. ಅಭ್ಯಾಸದಿಂದ ಬಾಯಿಗೆ ಬಂದುಬಿಟ್ಟಿತು.

ನಾನು ಹುಟ್ಟಿದ್ದು ಒಂದು ಗಾಜಿನ ಕಾರ್ಖಾನೆಯ ಕುಲುಮೆಯಲ್ಲಿ. ಮರಳು, ಸೋಡಾ, ಸುಣ್ಣ ಎಲ್ಲ ಬಾಟಲಿಗಳಿಗೂ ಒಂದೇ. ನಮ್ಮ ಪಾಲಿಗೆ ಮಾತ್ರ ಚಿಟಿಕೆ ಕಬ್ಬಿಣ, ಚಿಟಿಕೆ ಗಂಧಕ, ಸ್ವಲ್ಪ ಇದ್ದಿಲು ಹೆಚ್ಚು ಬಿತ್ತು. ಅದಕ್ಕೇ ನಮ್ಮ ಮೈ ಕಂದು. ಪಕ್ಕದ ಸಾಲಿನಲ್ಲಿ ನೀರಿನಂತೆ ತಿಳಿಯಾದ ಬಾಟಲಿಗಳು ಹೊರಬರುತ್ತಿದ್ದವು. ಕೆಲಸಗಾರರು ಅವುಗಳನ್ನು ಬೆಳಕಿಗೆ ಹಿಡಿದು, ಗುಳ್ಳೆ ಇದೆಯೇ ಎಂದು ಎರಡೆರಡು ಸಲ ನೋಡುತ್ತಿದ್ದರು. ನಮ್ಮನ್ನು ಯಾರೂ ಅಷ್ಟು ನೋಡುತ್ತಿರಲಿಲ್ಲ. ನನ್ನ ಹೊಟ್ಟೆ ಎರಡು ಲೀಟರಿನದು, ಕತ್ತು ಸಣ್ಣದು, ತಲೆಗೆ ಉಜ್ಜಿ ಕೂಡಿಸಿದ ಗಾಜಿನ ಬಿರಡೆ. ಆ ಬಿರಡೆ ನನಗೆ ಮಾತ್ರ ಸರಿಹೊಂದುತ್ತದೆ. ಬೇರೆ ಬಾಟಲಿಗೆ ಹಾಕಿದರೆ ಅಲ್ಲಾಡುತ್ತದೆ.

ಮೊದಲ ಯಜಮಾನ ಸವದತ್ತಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ದಿಗಂಬರ ಚಿತ್ರಗಾರ. ಮದುವೆ ಫೋಟೋ, ಪಾಸ್‌ಪೋರ್ಟ್ ಫೋಟೋ, ಸತ್ತವರ ಫೋಟೋ, ಮೂರನ್ನೂ ಒಂದೇ ಮುಖ ಇಟ್ಟುಕೊಂಡು ತೆಗೆಯುತ್ತಿದ್ದ ಮನುಷ್ಯ. ಅವನು ನನ್ನೊಳಗೆ ಸಿಲ್ವರ್ ನೈಟ್ರೇಟ್ ಎಂಬ ಬೆಳ್ಳಿಯ ಉಪ್ಪನ್ನು ಕರಗಿಸಿ ಇಡುತ್ತಿದ್ದ. ಅದು ತಾಗಿ ಅವನ ಬೆರಳ ತುದಿಗಳು ಕಪ್ಪಾಗಿದ್ದವು. ಹೆಂಡತಿ ಊಟಕ್ಕೆ ಬಡಿಸುವಾಗ ದಿನವೂ, "ಕೈ ತೊಳೀರಿ" ಎನ್ನುವಳು. "ತೊಳದೀನಿ" ಎನ್ನುವನು. ಇಬ್ಬರೂ ಹೇಳುತ್ತಿದ್ದುದು ನಿಜವೇ.

ಬೆಳ್ಳಿಯ ಸ್ವಭಾವ ನನಗೆ ತಿಳಿದದ್ದು ಅಲ್ಲಿ. ಬಳೆಯಾಗಿ, ಬಟ್ಟಲಾಗಿ ಇರುವಾಗ ಬೆಳ್ಳಿಗೆ ಯಾರ ಭಯವೂ ಇಲ್ಲ. ನೀರಿಗೆ ಇಳಿದರೆ ಸಾಕು, ಅದಕ್ಕೆ ಎಲ್ಲದರ ಭಯ. ಬಿಸಿಲು ಬಿದ್ದರೆ ಕಪ್ಪಾಗುತ್ತದೆ, ಬೇರೆ ಲೋಹ ಸಿಕ್ಕರೆ ಅದಕ್ಕೆ ಹೋಗಿ ಅಂಟಿಕೊಳ್ಳುತ್ತದೆ, ಅಡುಗೆಯ ಉಪ್ಪು ಸಿಕ್ಕರೆ ಮೊಸರಿನಂತೆ ಒಡೆದು ತಳಕ್ಕೆ ಕೂರುತ್ತದೆ. ಅದನ್ನು ಏನೂ ಆಗದಂತೆ ಸುಮ್ಮನೆ ಹಿಡಿದುಕೊಂಡಿರುವುದು ನನ್ನ ಕೆಲಸ. ಇದಕ್ಕಿಂತ ದೊಡ್ಡ ಗುಣ ನನ್ನಲ್ಲಿಲ್ಲ.

ಕಲರ್ ಫೋಟೋ ಬಂತು. ಎಲ್ಲರೂ ಹುಬ್ಬಳ್ಳಿಗೆ ಹೋಗಿ ತೊಳೆಸಿಕೊಂಡು ಬರತೊಡಗಿದರು. ಚಿತ್ರಗಾರ ಅಂಗಡಿ ಮುಚ್ಚಿದ ದಿನ ನನ್ನನ್ನೂ ಇನ್ನು ನಾಲ್ಕು ಬಾಟಲಿಗಳನ್ನೂ ಗೋಣಿಚೀಲದಲ್ಲಿ ಸುತ್ತಿ ಕಾಲೇಜಿಗೆ ಕೊಟ್ಟ. ದಾರಿಯಲ್ಲಿ ಬಸ್ಸು ಹಾರಿ ಎರಡು ಒಡೆದವು.

ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ನಾನು ಇಪ್ಪತ್ತನಾಲ್ಕು ವರ್ಷ ಕಪಾಟಿನಲ್ಲಿದ್ದೆ. ಹೇಳುವಂಥದ್ದು ಹೆಚ್ಚೇನೂ ನಡೆಯಲಿಲ್ಲ. ಪ್ರತಿ ಜೂನಿಗೆ ಹೊಸ ಮಕ್ಕಳು ಬರುತ್ತಿದ್ದರು, ಪ್ರತಿ ಮಾರ್ಚಿಗೆ ಹೋಗುತ್ತಿದ್ದರು. ಪಾಠ ಮಾಡುವವರು ಬದಲಾಗುತ್ತಿದ್ದರು. ಬದಲಾಗದೆ ಉಳಿದವನು ಅಟೆಂಡರ್ ಪತ್ತಾರ ಒಬ್ಬನೇ. ಅವನದು ಅಕ್ಕಸಾಲಿಗರ ಮನೆ. ಅಣ್ಣ ಪೇಟೆಯಲ್ಲಿ ಕುಲುಮೆ ಊದುತ್ತಿದ್ದ. ತಮ್ಮನಾದ ಇವನಿಗೆ ಹೊಗೆ ಆಗದೆ ಕೆಮ್ಮು ಹಿಡಿದದ್ದರಿಂದ ಸರಕಾರಿ ನೌಕರಿಗೆ ಬಂದಿದ್ದ. ಇಲ್ಲಿಯೂ ಹೊಗೆಯೇ ಇತ್ತು, ಆದರೆ ಪೆನ್ಶನ್ನೂ ಇತ್ತು.

ಒಂದು ಏಪ್ರಿಲ್‌ನಲ್ಲಿ ಇಂದ್ರವ್ವ ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಭಾರದ ಚೀಲ ಹೊತ್ತು ಒಳಗೆ ಬಂದ ಅವಳ ಮೊಣಕೈವರೆಗೆ ಮಣ್ಣು ಒಣಗಿ ಬಿಳಿಯಾಗಿತ್ತು.

ಅವಳ ಕತೆ ಇಷ್ಟು. ಹಿಂದಿನ ವರ್ಷ ಅವಳ ಮಗಳು ಕಸ್ತೂರಿ, ಎರಡನೆಯ ಇಯತ್ತೆಯ ಹುಡುಗಿ, ಶಾಲೆಯ ಟಾಕಿಯ ನೀರು ಕುಡಿದು ವಾಂತಿ ಭೇದಿಯಾಗಿ ಐದು ದಿನ ದವಾಖಾನೆಯಲ್ಲಿ ಮಲಗಿದ್ದಳು. ಅದೇ ನೀರು ಕುಡಿದ ಇನ್ನೊಂದು ಮಗು ಉಳಿಯಲಿಲ್ಲ. ಆಮೇಲೆ ಪುಣೆಯ ಕಡೆಯ ಒಂದು ಸಂಸ್ಥೆಯವರು ಬಂದು, ಕುಂಬಾರ ಓಣಿಯ ಹೆಂಗಸರಿಗೆ ನೀರು ಸೋಸುವ ಗಡಿಗೆ ಮಾಡುವುದನ್ನು ಕಲಿಸಿದರು. ಮಣ್ಣಿಗೆ ಭತ್ತದ ಹೊಟ್ಟಿನ ಪುಡಿ ಕಲೆಸಿ ಗಡಿಗೆ ಮಾಡಬೇಕು. ಆವಿಗೆಯಲ್ಲಿ ಸುಟ್ಟಾಗ ಹೊಟ್ಟು ಉರಿದುಹೋಗಿ ಕಣ್ಣಿಗೆ ಕಾಣದ ತೂತುಗಳು ಉಳಿಯುತ್ತವೆ. ನೀರು ಅವುಗಳಲ್ಲಿ ಹನಿಹನಿಯಾಗಿ ಇಳಿಯುತ್ತದೆ. ಕೊನೆಗೆ ಗಡಿಗೆಯ ಒಳಗೂ ಹೊರಗೂ ಬೆಳ್ಳಿಯ ನೀರನ್ನು ಬ್ರಶ್ಶಿನಿಂದ ಹಚ್ಚಬೇಕು. ಬೆಳ್ಳಿಯ ಅತಿ ಸಣ್ಣ ಕಣಗಳು ತೇಲುತ್ತಿರುವ ನೀರು ಅದು. ಮಣ್ಣು ತಡೆಯದೆ ಬಿಟ್ಟ ರೋಗದ ಹುಳುಗಳನ್ನು ಬೆಳ್ಳಿ ಬೆಳೆಯಲು ಬಿಡುವುದಿಲ್ಲ.

ಸಂಸ್ಥೆಯವರು ಹನ್ನೆರಡು ಗಡಿಗೆಗೆ ಸಾಕಾಗುವ ಬೆಳ್ಳಿ ನೀರನ್ನು ಬಿಳಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೊಟ್ಟು ಹೋದರು. ಇಂದ್ರವ್ವ ಅದನ್ನು ಮಕ್ಕಳ ಕೈಗೆ ಸಿಗಬಾರದೆಂದು ಎತ್ತರದ ಕಿಟಕಿಯಲ್ಲಿ ಇಟ್ಟಳು. ಕಿಟಕಿ ಪಡುವಣದ್ದು. ಹದಿನೈದು ದಿನದಲ್ಲಿ ನೀರು ಕಪ್ಪಿಟ್ಟಿತು. ಸಂಸ್ಥೆಯವರು, ಇನ್ನೊಂದೇ ಸಲ ಕಳಿಸುತ್ತೇವೆ, ಅದಕ್ಕೆ ಮೊದಲು ಸರಿಯಾದ ಪಾತ್ರೆ ಹುಡುಕಿ ಇಡಿ ಎಂದು ಫೋನಿನಲ್ಲಿ ಹೇಳಿದರು. ಸರಿಯಾದ ಪಾತ್ರೆ ಯಾವುದೆಂದು ಕೇಳುವ ಮೊದಲೇ ಫೋನ್ ಇಟ್ಟರು. ಶಾಲೆ ಶುರುವಾಗುವುದರೊಳಗೆ ಗಡಿಗೆಗಳು ಅಲ್ಲಿರಬೇಕು.

ಇಂದ್ರವ್ವ ಮನೆಯಲ್ಲಿದ್ದ ಪಾತ್ರೆಗಳನ್ನೆಲ್ಲ ಹೊತ್ತು ತಂದಿದ್ದಳು. ಲ್ಯಾಬಿನ ಕಪ್ಪು ಕಲ್ಲಿನ ಮೇಜಿನ ಮೇಲೆ ಒಂದೊಂದಾಗಿ ಇಟ್ಟಳು.

ಪತ್ತಾರ ಕನ್ನಡಕ ಏರಿಸಿ, "ಏನ್ರಿ ಅಕ್ಕಾರ, ಭಾಂಡಿ ಅಂಗಡಿ ಇಡಾಕ ಬಂದೀರೇನು?" ಎಂದ.

"ಇದರಾಗ ಬೆಳ್ಳಿ ನೀರಿಗೆ ಯಾವುದು ಆಗ್ತೈತಿ ಹೇಳ್ರಿ ಸರ್. ಇಲ್ಲಾಂದ್ರ ನಾ ಮನಿಗೆ ಹೋಗಂಗಿಲ್ಲ."

ಮೊದಲು ತನ್ನದೇ ಕೈಯ ಮಣ್ಣಿನ ಗಡಿಗೆಯನ್ನು ಮುಂದೆ ತಳ್ಳಿದಳು. ಪತ್ತಾರ ಅದನ್ನು ಬೆರಳಿನಿಂದ ಬಡಿದು ನೋಡಿದ. "ಗಡಿಗಿ ಚಲೋ ಐತಿ. ಆದ್ರ ಇದು ಬೆಳ್ಳಿ ಕುಡೀತೈತಿ. ಕುಡೀತೈತಿ ಅಂತ ಅಲ್ಲೇನು ನೀವು ಅದಕ್ಕ ಹಚ್ಚೋದು? ಒಂದು ವಾರಕ್ಕ ಗಡಿಗಿ ಹೊಟ್ಟಿ ತುಂಬತೈತಿ, ನಿಮಗ ಬರೇ ನೀರು ಉಳೀತೈತಿ."

ತಾಮ್ರದ ತಂಬಿಗೆ ಇಟ್ಟಳು. "ಪೂಜಾಕ್ಕ ಇಟ್ಟಿದ್ದು ಸರ್. ಬೆಳ್ಳಿಗೆ ಮರ್ಯಾದಿ ಬೇಕಲ್ರಿ."

"ಮರ್ಯಾದಿ ಬ್ಯಾರೆ, ಸಂಸಾರ ಬ್ಯಾರೆ. ಬೆಳ್ಳಿ ಹೋಗಿ ತಾಮ್ರಕ್ಕ ಅಂಟಕೊಳ್ತೈತಿ. ನಿಮ್ಮ ತಂಬಿಗಿ ಒಳಗ ಕಪ್ಪಾಗ್ತೈತಿ. ಸ್ಟೀಲಿಂದೂ ಬ್ಯಾಡ. ಲೋಹ ಯಾವುದೂ ಬ್ಯಾಡ, ಮುಚ್ಚಳನೂ ಬ್ಯಾಡ."

ಕೂಲ್ ಡ್ರಿಂಕ್ಸಿನ ಪ್ಲಾಸ್ಟಿಕ್ ಬಾಟಲಿಯನ್ನು ಅವಳೇ ಚೀಲಕ್ಕೆ ವಾಪಸ್ ಹಾಕಿದಳು. "ಇದು ಬ್ಯಾಡಂತ ನನಗ ಗೊತ್ತಾತು."

"ಹೌದು. ಬೆಳಕು ಒಂದು ಕಡಿ, ಪ್ಲಾಸ್ಟಿಕ್ ಮೈಗೆ ಬೆಳ್ಳಿ ಹತ್ತಕೊಳ್ಳೋದು ಒಂದು ಕಡಿ. ನಾಕು ದಿನಕ್ಕ ಆದೀತು, ತಿಂಗಳಗಟ್ಲೆ ಇಡಾಕ ಬ್ಯಾಡ."

ಜಾಮಿನ ಗಾಜಿನ ಬಾಟಲಿಯನ್ನು ಪತ್ತಾರ ಕಿಟಕಿಯ ಕಡೆ ಹಿಡಿದ. ಅದರ ಮೂಲಕ ಹೊರಗಿನ ಬೇವಿನ ಮರ, ಸೈಕಲ್ ಸ್ಟ್ಯಾಂಡ್, ಎಲ್ಲ ಕಂಡವು. ಬಾಟಲಿಯನ್ನು ಕೆಳಗಿಟ್ಟ. ಅವಳಿಗೂ ತಿಳಿಯಿತು.

ಕೊನೆಗೆ ಉಳಿದದ್ದು ಒಂದು ಭರಣಿ. ಬಿಳಿ ಕೆಳಗೆ, ಕಂದು ಮೇಲೆ, ಹಳೆಯ ಪಿಂಗಾಣಿಯದು. ಇಂದ್ರವ್ವ ಅದನ್ನು ಎರಡೂ ಕೈಯಲ್ಲಿ ಇಟ್ಟಳು. "ಬೆಳಕು ಬೀಳಂಗಿಲ್ಲ. ಲೋಹ ಅಲ್ಲ. ಪ್ಲಾಸ್ಟಿಕ್ ಅಲ್ಲ. ಈಗ ಹೇಳ್ರಿ."

ಪತ್ತಾರ ಮುಚ್ಚಳ ತೆಗೆದು ಮೂಸಿದ. "ಉಪ್ಪಿನಕಾಯಿ."

"ತೊಳದೀನ್ರಿ! ಮೂರು ಸಲ ತೊಳದೀನಿ."

"ಎಷ್ಟು ವರ್ಷ ಆತು ಇದರಾಗ ಹಾಕಾಕ ಹತ್ತಿ?"

"ನಮ್ಮ ಅತ್ತಿ ತೌರಮನಿಯಿಂದ ತಂದಿದ್ದು. ನಲವತ್ತು ವರ್ಷ ಆಗಿರಬೇಕು."

"ನಲವತ್ತು ವರ್ಷ ಉಪ್ಪು ಉಂಡೈತಿ. ಇಲ್ಲೆ ನೋಡ್ರಿ, ಕೂದಲಿನಂಥ ಗೀರು. ಅದರಾಗ ಕೂತ ಉಪ್ಪು ಹೋಗಂಗಿಲ್ಲ. ಬೆಳ್ಳಿ ನೀರಿಗೆ ಉಪ್ಪಿನಷ್ಟು ವೈರಿ ಮತ್ತೊಂದಿಲ್ಲ. ಒಂದು ಹರಳು ಸಾಕು."

ಇಂದ್ರವ್ವ ಭರಣಿಯ ಮುಚ್ಚಳ ಹಾಕಿದಳು. ಮುಂದೆ ಇಡಲು ಚೀಲದಲ್ಲಿ ಏನೂ ಉಳಿದಿರಲಿಲ್ಲ. ಪತ್ತಾರ ಸ್ವಲ್ಪ ಹೊತ್ತು ಮೂಗು ತುರಿಸಿಕೊಂಡು ನಿಂತ. ಆಮೇಲೆ ಸ್ಟೂಲ್ ಹತ್ತಿ ಮೇಲಿನ ಕಪಾಟಿನಿಂದ ನನ್ನನ್ನು ಇಳಿಸಿದ. ನನ್ನ ಮೈಮೇಲೆ ಬೆರಳು ದಪ್ಪ ಧೂಳಿತ್ತು.

"ಕಂದು ಗಾಜು. ಬಿರಡಿನೂ ಗಾಜು. ಇದಕ್ಕಿಂತ ಚಲೋ ಸಿಗಂಗಿಲ್ಲ. ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಅಂಗಡ್ಯಾಗ ಸಿಗತೈತಿ, ಅದರಲೇ ಮೂರು ಸಲ ತೊಳೀರಿ. ಬೋರಿನ ನೀರಲೇ ಬ್ಯಾಡ. ತೊಳದು, ಬೋರಲು ಹಾಕಿ, ಆರಿದ ಮ್ಯಾಲೆ ಬಿರಡಿ ಹಾಕಿ ಇಡ್ರಿ. ಆಮ್ಯಾಲೆ ಕೈ ಹಾಕಬ್ಯಾಡ್ರಿ. ಫ್ರಿಜ್ಜಿನ್ಯಾಗ ಇಡಬ್ಯಾಡ್ರಿ. ಇನ್ನೊಂದು, ಬೆಳ್ಳಿ ನೀರು ಔಷಧ ಅಂತ ಯಾರರ ಕುಡದಾರು, ಕುಡಿಯೋದಲ್ಲ ಅದು. ಇದರಾಗ ಬ್ಯಾರೆ ಏನೂ ಹಾಕಬ್ಯಾಡ್ರಿ. ಇದು ಕಾಲೇಜಿನದು, ನನ್ನ ಹೆಸರಿನ ಮ್ಯಾಲೆ ಐತಿ."

ಆಗ ಇಂದ್ರವ್ವ ಆ ಮಾತು ಕೊಟ್ಟಳು.

ಅವಳ ಮನೆಯಲ್ಲಿ ನನ್ನ ಜಾಗ ದೇವರ ಗೂಡಿನ ಪಕ್ಕದ ಮರದ ಕಪಾಟು. ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ, ಒಂದು ಬೆರಳು ಸಂದಿಯಿಂದ ಮನೆ ಕಾಣುತ್ತಿತ್ತು. ಗಂಡ ಇಟ್ಟಿಗೆ ಭಟ್ಟಿಗೆ ಬೆಳಿಗ್ಗೆ ಹೋದರೆ ಸಂಜೆ ಬರುತ್ತಿದ್ದ. ಅತ್ತೆ ದುಂಡವ್ವ ಹೊಸ್ತಿಲ ಬಳಿ ಕೂತು ಮಣ್ಣು ಸೋಸುತ್ತಿದ್ದಳು. ಇಂದ್ರವ್ವ ಮಾತ್ರ ಒಂದೆಡೆ ನಿಲ್ಲುತ್ತಿರಲಿಲ್ಲ. ಅವಳು ನಿಂತೇ ಉಣ್ಣುತ್ತಿದ್ದಳು. ಕೂತು ಉಂಡದ್ದನ್ನು ನಾನು ನೋಡಿದ್ದು ಎರಡು ಸಲವೋ, ಮೂರು ಸಲವೋ.

ಬಂದ ದಿನವೇ ದುಂಡವ್ವ ಕೇಳಿದಳು: "ನನ್ನ ಭರಣಿ ಯಾಕ ಬ್ಯಾಡ ಅಂದ್ನಂತ ಅವ?"

ಇಂದ್ರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಬಾಯಿ ಅಗಲ ಆತಂತ್ರಿ ಅತ್ತಿ."

ತೌರುಮನೆಯ ಭರಣಿಯಲ್ಲಿ ದೋಷವಿದೆ, ಅದರಲ್ಲಿ ಹಾಕಿದ್ದು ಕೆಡುತ್ತದೆ ಎಂದು ಎಪ್ಪತ್ತು ದಾಟಿದ ಅತ್ತೆಗೆ ಹೇಳುವುದು ಅವಳಿಗೆ ಬೇಡವಾಗಿತ್ತು. ಅಷ್ಟೇ. ಆ ಮನೆಯಲ್ಲಿ ಉಪ್ಪಿನ ಮಾತು ಅಲ್ಲಿಗೆ ನಿಂತಿತು.

ಮೇ ತಿಂಗಳ ಕೊನೆಯ ವಾರ ಪುಣೆಯಿಂದ ಬೆಳ್ಳಿ ನೀರು ನಾಳೆ ಬರುತ್ತದೆಂದು ಫೋನ್ ಬಂತು. ಇಂದ್ರವ್ವ ನನ್ನನ್ನು ಹೇಳಿದ ಹಾಗೆಯೇ ತೊಳೆದಳು. ಬ್ಯಾಟರಿ ನೀರು, ಮೂರು ಸಲ. ಬೋರಲು ಹಾಕಿ ಆರಿಸಿ, ಬಿರಡೆ ಹಾಕಿ, ಕಪಾಟಿನಲ್ಲಿಟ್ಟು, ಆವಿಗೆಯಿಂದ ಗಡಿಗೆ ಇಳಿಸಲು ಹೋದಳು.

ದುಂಡವ್ವ ಕಪಾಟು ತೆಗೆದಳು.

ಕುಂಬಾರರ ಮನೆಯಲ್ಲಿ ಹುಟ್ಟಿ ಕುಂಬಾರರ ಮನೆಗೆ ಬಂದವಳು ಅವಳು. ಹೊಸ ಗಡಿಗೆ ಯಾವುದೇ ಇರಲಿ, ಮೊದಲು ಅದರಲ್ಲಿ ಉಪ್ಪು ಬೀಳಬೇಕು, ಉಪ್ಪೆಂದರೆ ಲಕ್ಷ್ಮಿ, ಆಮೇಲೆ ಬೇಕಾದ್ದು ಹಾಕಿಕೊಳ್ಳಬಹುದು ಎಂದು ಅವಳ ತಾಯಿ ಹೇಳುತ್ತಿದ್ದಳು. ಅವಳೂ ಜೀವಮಾನವೆಲ್ಲ ಹಾಗೆಯೇ ಮಾಡಿದ್ದಳು. ಈಗ ಮನೆಗೆ ಬರುತ್ತಿರುವುದು ಬೆಳ್ಳಿ. ಬೆಳ್ಳಿ ಬರುವ ಪಾತ್ರೆ ಬರಿದಾಗಿ ಕಾಯುವುದು ಅವಳಿಗೆ ಸರಿ ಕಾಣಲಿಲ್ಲ. ಉಪ್ಪಿನ ಗಡಿಗೆಯಿಂದ ಎರಡು ಹರಳು ತಂದಳು. ಬಿರಡೆ ತೆಗೆದು ಒಳಗೆ ಹಾಕಿದಳು. ಅವು ಟಿಕ್, ಟಿಕ್ ಎಂದು ತಳಕ್ಕೆ ಬಿದ್ದವು. ಬಿರಡೆ ಹಾಕಿ, ನನಗೆ ಕೈಮುಗಿದು, ಕಪಾಟು ಮುಚ್ಚಿದಳು.

ನನಗೆ ಬಾಯಿ ಇದೆ, ಮಾತಿಲ್ಲ.

ಮರುದಿನ ಇಂದ್ರವ್ವ ಪುಣೆಯ ಡಬ್ಬಿಯ ಮೇಲೆ ಸುತ್ತಿದ್ದ ಕಪ್ಪು ಕಾಗದ ಬಿಚ್ಚಿ, ಉಸಿರು ಹಿಡಿದು, ಅಷ್ಟನ್ನೂ ನನ್ನೊಳಗೆ ಸುರಿದಳು. ಜೇನಿನ ಬಣ್ಣದ ನೀರು ಅದು. ಒಂದು ಹನಿ ಹೊರಗೆ ಬೀಳಲಿಲ್ಲ. ಒಳಗೆ ಬಣ್ಣ ಇಳಿಯತೊಡಗಿತು. ಜೇನು ಹೋಗಿ ಬೂದಿಯಾಯಿತು. ಗಸಿ ಕಟ್ಟಿ ಮೆಲ್ಲನೆ ತಳಕ್ಕೆ ಕೂರತೊಡಗಿತು. ನಾನು ತಿಳಿಗಾಜು ಆಗಿದ್ದರೆ ಅವಳು ಅಲ್ಲೇ ನೋಡುತ್ತಿದ್ದಳು. ನಾನು ಕಂದು. ಬೆಳಕು ಒಳಗೆ ಬಿಡದ ನನ್ನ ಮೈ ಒಳಗಿನದನ್ನು ಹೊರಗೆ ತೋರಿಸಲೂ ಇಲ್ಲ.

ಮೂರು ದಿನ ಕಳೆದು, ಸುಟ್ಟು ಆರಿದ ಹನ್ನೆರಡು ಗಡಿಗೆಗಳನ್ನು ಪಡಸಾಲೆಯಲ್ಲಿ ಸಾಲಾಗಿ ಇಟ್ಟುಕೊಂಡು ಇಂದ್ರವ್ವ ಹಚ್ಚಲು ಕೂತಳು. ಶಾಲೆ ಶುರುವಾಗಲು ಎರಡು ದಿನ ಇತ್ತು. ನನ್ನಿಂದ ಬಿಳಿ ಪಿಂಗಾಣಿ ಬಟ್ಟಲಿಗೆ ಸ್ವಲ್ಪ ಬಗ್ಗಿಸಿದಳು. ಬಗ್ಗಿಸಿ, ಬಟ್ಟಲನ್ನು ಬಾಗಿಲ ಬೆಳಕಿಗೆ ತಂದಳು. ಪಾತ್ರೆ ತೊಳೆದ ಬೂದಿ ನೀರಿನ ಹಾಗಿತ್ತು.

"ಅತ್ತಿ, ಈ ಬಾಟ್ಲ್ಯಾಗ ಏನರ ಹಾಕಿದ್ರೇನು?"

"ನಾ ಯಾಕ ಹಾಕಲಿ?"

ಇಂದ್ರವ್ವ ಬಟ್ಟಲು ಹಿಡಿದು ನಿಂತೇ ಇದ್ದಳು. ದುಂಡವ್ವ ಜರಡಿಯಲ್ಲಿ ಮಣ್ಣು ಸೋಸುತ್ತಲೇ ಇದ್ದಳು. ಜರಡಿ ಖಾಲಿಯಾದ ಮೇಲೂ ಸೋಸಿದಳು.

"ಎರಡ ಹರಳು ಉಪ್ಪು. ಅಷ್ಟ."

"ಅತ್ತೀ!"

"ಏನ್ ಅತ್ತಿ? ವಿಷ ಹಾಕೀನೇನು? ಕಸ್ತೂರಿಗೆ ದವಾಖಾನ್ಯಾಗ ಐದು ದಿನ ಏರಿಸಿದ್ದು ಏನು? ಉಪ್ಪಿನ ನೀರ ಅಲ್ಲೇನು? ಅದು ಕೂಸಿನ ಜೀವ ಉಳಿಸಿದ್ರ, ಇದನ್ನ ಹ್ಯಾಂಗ ಕೆಡಸ್ತೈತಿ?"

ಪ್ರಶ್ನೆ ಸರಿಯಾಗಿಯೇ ಇತ್ತು.

"ಉಪ್ಪು ಹಾಕಬಾರದು ಅಂತ ನನಗ ಹೇಳಿದ್ದೇನು ನೀ?" ದುಂಡವ್ವನ ದನಿ ಏರಿತು. "ಹೇಳು. ಹೇಳಿದ್ದೇನು?"

"ಇಲ್ಲ."

"ಮತ್ತ?"

"ನಿಮ್ಮ ಭರಣಿ ಬ್ಯಾಡ ಅಂದಿದ್ದು ಬಾಯಿ ಅಗಲ ಆಗಿ ಅಲ್ಲ. ಉಪ್ಪು ಕುಡದೈತಿ ಅಂತ. ನಿಮಗ ಬ್ಯಾಸರ ಆಗ್ತೈತಂತ ನಾ ಸುಳ್ಳು ಹೇಳಿದೆ."

ಹೊರಗೆ ಯಾರೋ ಮೇಕೆ ಅಟ್ಟಿಸಿಕೊಂಡು ಹೋದರು. ದುಂಡವ್ವ ಜರಡಿ ಬದಿಗಿಟ್ಟಳು. "ಹಂಗ ಹಚ್ಚಿಬಿಡು. ಒಣಗಿದ ಮ್ಯಾಲೆ ಬೆಳ್ಳಿ ಯಾರ ಕಣ್ಣಿಗೆ ಕಾಣ್ತೈತಿ? ಮಾಸ್ತರ ಬಂದು ನೋಡೋದು ಗಡಿಗಿ ಸೋರ್ತೈತೇನು ಅಂತ. ಸೋರಂಗಿಲ್ಲ."

ಅದೂ ನಿಜವೇ. ಒಣಗಿದ ಮೇಲೆ ಒಳ್ಳೆಯ ಬೆಳ್ಳಿ ಹಚ್ಚಿದ ಗಡಿಗೆ, ಕೆಟ್ಟದ್ದು ಹಚ್ಚಿದ ಗಡಿಗೆ, ಏನೂ ಹಚ್ಚದ ಗಡಿಗೆ ಮೂರೂ ಒಂದೇ ಥರ. ಇಂದ್ರವ್ವ ಕೂತಳು. ಬ್ರಶ್ಶನ್ನು ಬೂದಿ ನೀರಿನಲ್ಲಿ ಅದ್ದಿದಳು. ಮೊದಲ ಗಡಿಗೆಯ ಕಂಠಕ್ಕೆ ಒಂದು ಸುತ್ತು ಎಳೆದಳು. ಮಣ್ಣು ಅದನ್ನು ತಕ್ಷಣ ಹೀರಿಕೊಂಡಿತು.

ಅಷ್ಟರಲ್ಲಿ ಕಸ್ತೂರಿ ಹೊಸ ಪಾಟಿಚೀಲ ತಗುಲಿಸಿಕೊಂಡು, ಸುಮ್ಮನೆ ತಗುಲಿಸಿಕೊಂಡು ನೋಡಲೆಂದು, ಒಳಗಿನಿಂದ ಬಂದಳು. ಗಡಿಗೆಗಳನ್ನು ಎಣಿಸಿದಳು. "ಯವ್ವಾ, ನಮ್ಮ ಕ್ಲಾಸಿಗೆ ಯಾವುದು?"

ಇಂದ್ರವ್ವ ಬ್ರಶ್ಶನ್ನು ಬಟ್ಟಲಲ್ಲಿ ಇಟ್ಟಳು. "ಇನ್ನೂ ಆಗಿಲ್ಲವಾ. ಹೋಗು, ಒಳಗ ಹೋಗು."

ಅವಳು ನನ್ನನ್ನು ಹಿತ್ತಲಿಗೆ ಒಯ್ದು ತಿಪ್ಪೆಯ ಪಕ್ಕದ ಗುಂಡಿಯಲ್ಲಿ ಬರಿದು ಮಾಡಿದಳು. ಬರಿದಾಗಲು ಸ್ವಲ್ಪ ಹೊತ್ತು ಬೇಕಾಯಿತು, ನನ್ನ ಕತ್ತು ಸಣ್ಣದು. ಮೊದಲ ಗಡಿಗೆಯನ್ನು ಬೇರೆ ಎತ್ತಿಟ್ಟಳು. ಆಮೇಲೆ ಶಾಲೆಗೆ ಹೋಗಿ ಹೆಡ್ ಮಾಸ್ತರರಿಗೆ ಹೇಳಿ ಬಂದಳು. ಏನು ಹೇಳಿದಳೋ ನಾನು ಕೇಳಲಿಲ್ಲ, ಬಂದು ಅತ್ತೆಗೆ ಹೇಳಿದ್ದನ್ನು ಕೇಳಿದೆ. "ಎಂಟ ದಿನ ಕೊಟ್ಟಾರ. ಅಲ್ಲೀತನಕ ಮಕ್ಕಳು ಮನಿಯಿಂದ ಕಾಸಿದ ನೀರು ತರಬೇಕು. ಎಂಟ ದಿನಕ್ಕ ಆಗಲಿಲ್ಲಂದ್ರ ಬ್ಯಾರೆ ಕಡಿ ನೋಡ್ತೀವಿ ಅಂದ್ರು."

"ಪುಣೆದವರು ಮತ್ತ ಕೊಡ್ತಾರೇನು?"

"ಕೊಡಂಗಿಲ್ಲ."

ದುಂಡವ್ವ ಎದ್ದು ಒಳಗೆ ಹೋದಳು. ಟ್ರಂಕ್ ತೆಗೆದ ಸದ್ದಾಯಿತು. ಬರುವಾಗ ಕೈಯಲ್ಲಿ ಹಳೆಯ ಸೀರೆಯ ತುಂಡು, ಅದರಲ್ಲಿ ಒಂದು ಬೆಳ್ಳಿ ಕಾಲ್ಗಡಗ. ಗಂಡ ಸತ್ತ ವರ್ಷ ಬಿಚ್ಚಿಟ್ಟ ಜೋಡಿಯಲ್ಲಿ ಒಂದು.

"ನಿಮ್ಮ ಸರ್ ಪತ್ತಾರರಂವ ಅಲ್ಲೇನು? ಬೆಳ್ಳಿ ಅವನ ಜಾತಿ ಕೆಲಸ. ಇದನ್ನ ನೀರು ಮಾಡಿ ಕೊಡಾಕ ಬರತೈತೇನು ಕೇಳು. ಕೆಡಿಸಿದಾಕಿ ನಾನು, ಕೊಡಾಕಿನೂ ನಾನ."

ಮರುದಿನ ಅತ್ತೆ ಸೊಸೆ ಇಬ್ಬರೂ ಬಸ್ಸಿನಲ್ಲಿ ಕಾಲೇಜಿಗೆ ಬಂದರು. ನಾನು ದುಂಡವ್ವನ ತೊಡೆಯ ಮೇಲಿದ್ದೆ. ಪತ್ತಾರ ಎಲ್ಲ ಕೇಳಿಸಿಕೊಂಡ. ನಗಲಿಲ್ಲ. ನನ್ನೊಳಗೆ ಬ್ಯಾಟರಿ ನೀರು ಹಾಕಿ ಕುಲುಕಿದ, ಅದನ್ನು ಒಂದು ಗಾಜಿನ ನಳಿಗೆಗೆ ಬಗ್ಗಿಸಿದ. ಕಪಾಟಿನಿಂದ ಪುಟ್ಟ ಬಾಟಲಿ ತಂದು ಒಂದು ಹನಿ ಬಿಟ್ಟ. ಆ ಪುಟ್ಟ ಬಾಟಲಿಯಲ್ಲಿ ಇದ್ದದ್ದು ಚಿತ್ರಗಾರನ ಕಾಲದಲ್ಲಿ ನಾನು ಹೊತ್ತಿದ್ದ ಬೆಳ್ಳಿಯ ಉಪ್ಪಿನ ನೀರೇ. ನಳಿಗೆಯಲ್ಲಿ ಹಾಲು ಒಡೆದಂತೆ ಬಿಳಿ ಮೋಡ ಎದ್ದಿತು.

"ನೋಡ್ರಿ ಆಯಿ. ಇದು ನಿಮ್ಮ ಉಪ್ಪು. ಇನ್ನೂ ಬಿಟ್ಟಿಲ್ಲ."

ದುಂಡವ್ವ ಕಣ್ಣು ಕಿರಿದು ಮಾಡಿ ನೋಡಿದಳು. "ಎರಡ ಹರಳು ಇಷ್ಟ ಮಾಡ್ತೇನು?"

"ಇಷ್ಟ ಮಾಡ್ತು."

ಮತ್ತೆ ತೊಳೆದ, ಮತ್ತೆ ಹನಿ ಬಿಟ್ಟ. ಮೋಡ ತೆಳುವಾಯಿತು. ನಾಲ್ಕನೆಯ ಸಲ ಏನೂ ಏಳಲಿಲ್ಲ. ಆಮೇಲೆ ಕಡಗವನ್ನು ಕೈಯಲ್ಲಿ ತೂಗಿದ. "ಇದರಾಗ ತಾಮ್ರ ಕೂಡೈತಿ. ನಮ್ಮ ಅಣ್ಣ ಶುದ್ಧ ಮಾಡಿ ತಂತಿ ಎಳದು ಕೊಡ್ತಾನ. ಆದ್ರ ಆಯಿ, ಇಷ್ಟು ಬ್ಯಾಡ. ಬೆರಳುದ್ದ ಸಾಕು. ಉಳದದ್ದು ವಾಪಸ್ ಬರತೈತಿ."

"ಮುರದ ಕಡಗ ತಗೊಂಡು ಏನ್ ಮಾಡ್ಲಿ? ಮೊಮ್ಮಗಳಿಗೆ ಏನರ ಮಾಡಿಕೊಡಂತ ಹೇಳು ನಿಮ್ಮ ಅಣ್ಣಗ."

ಎರಡು ಬೆಳ್ಳಿ ತಂತಿ, ನಡುವೆ ಬ್ಯಾಟರಿ, ದೊಡ್ಡ ಗಾಜಿನ ಜಾಡಿಯಲ್ಲಿ ಬ್ಯಾಟರಿ ನೀರು. ಪತ್ತಾರ ರಜೆಯ ಕಾಲೇಜಿನಲ್ಲಿ ನಾಲ್ಕು ದಿನ ಅದರ ಮುಂದೆ ಕೂತ. ತಂತಿಯ ಬೆಳ್ಳಿ ಕಣಕಣವಾಗಿ ಬಿಟ್ಟುಕೊಂಡು ನೀರು ಮೆಲ್ಲಗೆ ತೆಳು ಹಳದಿಗೆ ತಿರುಗಿತು. ಅದನ್ನು ನನ್ನೊಳಗೆ ತುಂಬಿ, ಬಿರಡೆ ಹಾಕಿ, ಮೇಲೆ ಬಟ್ಟೆ ಕಟ್ಟಿ ಕೊಟ್ಟ. "ಪುಣೆದಷ್ಟು ಗಟ್ಟಿ ಇಲ್ಲ. ಮೂರು ಸಲ ಹಚ್ಚು. ಒಂದು ಒಣಗಿದ ಮ್ಯಾಲೆ ಇನ್ನೊಂದು."

ಇಂದ್ರವ್ವ ಮೂರು ಸಲ ಹಚ್ಚಿದಳು. ಎಂಟನೆಯ ದಿನ ಹನ್ನೊಂದು ಗಡಿಗೆಗಳು ಶಾಲೆಗೆ ಹೋದವು. ಹನ್ನೆರಡನೆಯದು, ಕಂಠಕ್ಕೆ ಬೂದಿ ನೀರು ಬಿದ್ದದ್ದು, ಮನೆಯಲ್ಲಿ ಉಳಿಯಿತು. ಅದರಲ್ಲಿ ದುಂಡವ್ವ ಉಪ್ಪು ಹಾಕಿಟ್ಟಳು. ಎರಡು ವಾರದ ಮೇಲೆ ಆರೋಗ್ಯ ಇಲಾಖೆಯವರು ಗಡಿಗೆಯಿಂದ ಇಳಿದ ನೀರನ್ನು ಬಾಟಲಿಗಳಲ್ಲಿ ಹಿಡಿದುಕೊಂಡು ಹೋದರು. ಚೀಟಿ ಬಂತು, ನೀರು ಕುಡಿಯಲು ಯೋಗ್ಯ ಎಂದಿತ್ತು. ಇಂದ್ರವ್ವ ಅದನ್ನು ಓದಿಸಿಕೊಂಡು ಕಪಾಟಿನಲ್ಲಿ ನನ್ನ ಕೆಳಗೆ ಮಡಚಿಟ್ಟಳು. ಆ ವರ್ಷ ಕಸ್ತೂರಿ ದವಾಖಾನೆಗೆ ಹೋಗಲಿಲ್ಲ.

ಆಮೇಲೆ ಸುತ್ತಲಿನ ಶಾಲೆ, ಅಂಗನವಾಡಿಗಳಿಂದ ಕೇಳಿಕೊಂಡು ಬಂದರು. ನಾನು ಇಂದ್ರವ್ವನ ಮನೆಯಲ್ಲಿ ಹನ್ನೊಂದು ವರ್ಷ ಉಳಿದೆ. ಎಷ್ಟು ಸಲ ಪತ್ತಾರನ ಬೆಳ್ಳಿ ನೀರಿನಿಂದ ತುಂಬಿದೆ, ಎಷ್ಟು ಸಲ ಬರಿದಾದೆ, ಲೆಕ್ಕವಿಲ್ಲ. ಪ್ರತಿ ಸಲ ಮೂರು ತೊಳೆತ, ಪತ್ತಾರ ಕೊಟ್ಟ ಪುಟ್ಟ ಬಾಟಲಿಯಿಂದ ಒಂದು ಹನಿಯ ಪರೀಕ್ಷೆ. ಪರೀಕ್ಷೆಯನ್ನು ದುಂಡವ್ವ ತಾನೇ ಮಾಡುತ್ತೇನೆಂದು ಹಟ ಹಿಡಿದಿದ್ದಳು. ಓಣಿಯ ಹೆಂಗಸರು ಯಾರಾದರೂ ಬಂದರೆ, "ಏ, ಉಪ್ಪಿನ ಕೈಲೇ ಮುಟ್ಟಬ್ಯಾಡ್ರೆ! ನನ್ನ ನಲವತ್ತು ವರ್ಷದ ಭರಣಿನ ಈ ಬೆಳ್ಳಿ 'ಒಲ್ಲೆ' ಅಂದೈತಿ" ಎನ್ನುವಳು. ಅವಳ ಕಣ್ಣು ಮಂಜಾದ ಮೇಲೆ ಕಸ್ತೂರಿ ನಳಿಗೆ ಹಿಡಿದು, "ಮೋಡ ಇಲ್ಲ ಆಯಿ" ಎಂದು ಹೇಳುತ್ತಿದ್ದಳು. ಒಂದು ಚಳಿಗಾಲದಲ್ಲಿ ದುಂಡವ್ವ ಹೋದಳು. ಇನ್ನೊಂದು ಕಡಗ ಟ್ರಂಕಿನಲ್ಲಿ ಹಾಗೆಯೇ ಇತ್ತು.

ಕೆಲವು ಕಾಲದ ಮೇಲೆ ಶಾಲೆಗಳಿಗೆ ಕರೆಂಟಿನ ನೀರಿನ ಮಶೀನುಗಳು ಬಂದವು. ಗಡಿಗೆ ಕೇಳುವವರು ಕಡಿಮೆಯಾದರು, ಆಮೇಲೆ ನಿಂತರು. ಇಂದ್ರವ್ವ ಮತ್ತೆ ಕುಡಿಯುವ ನೀರಿನ ಗಡಿಗೆ, ಹೂವಿನ ಕುಂಡ ಮಾಡತೊಡಗಿದಳು. ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಯಾರೋ, ಪತ್ತಾರ ಸರ್ ಈ ತಿಂಗಳು ರಿಟೈರಾಗುತ್ತಾರೆ ಎಂದರಂತೆ.

ಈಗ ನಾನು ಲ್ಯಾಬಿನ ಕೆಳಗಿನ ಕಪಾಟಿನಲ್ಲಿದ್ದೇನೆ. ಹೊಸ ಅಟೆಂಡರಿಗೆ ನನ್ನ ಕತೆ ಗೊತ್ತಿಲ್ಲ. ಮಕ್ಕಳಿಗೆ ಈಗ ಪ್ರಯೋಗವನ್ನು ಗೋಡೆಯ ಮೇಲಿನ ಪರದೆಯಲ್ಲಿ ತೋರಿಸುತ್ತಾರೆ. ನನಗೆ ಬೇಸರವೇನಿಲ್ಲ. ಪಾತ್ರೆ ಆದವನಿಗೆ ತುಂಬಿರುವುದು ಒಂದು ಕೆಲಸ, ಕಾಯುವುದು ಒಂದು ಕೆಲಸ. ಏನನ್ನು ಹಾಕಬೇಕು ಎಂದು ತಿಳಿದವರನ್ನು ನಾನು ಬಹಳ ಮಂದಿ ಕಂಡೆ. ಏನನ್ನು ಹಾಕಬಾರದು ಎಂದು ಕಲಿಯಲು ಹೆಚ್ಚು ದಿನ ಬೇಕಾಗುತ್ತದೆ, ಪ್ರೀತಿ ಇದ್ದವರಿಗೆ ಇನ್ನೂ ಹೆಚ್ಚು.

ಇಂದ್ರವ್ವ ನನ್ನನ್ನು ತಂದುಕೊಟ್ಟದ್ದು ಪತ್ತಾರನ ನೌಕರಿಯ ಕೊನೆಯ ದಿನ. ಅವನ ಕೊರಳಲ್ಲಿ ಹೂವಿನ ಹಾರ ಇನ್ನೂ ಇತ್ತು. ಇಂದ್ರವ್ವ ನನಗೆ ಸುತ್ತಿದ್ದ ಬಟ್ಟೆ ಬಿಚ್ಚಿ ನನ್ನನ್ನು ಕಪ್ಪು ಕಲ್ಲಿನ ಮೇಲೆ ಇಟ್ಟಳು. ಪತ್ತಾರ ಬಿರಡೆ ತೆಗೆದು, ಒಂದು ಕಣ್ಣು ಮುಚ್ಚಿ ಒಳಗೆ ನೋಡಿದ. ಕೈ ಸುಮ್ಮನಿರದೆ ಬ್ಯಾಟರಿ ನೀರು ಹಾಕಿ ಕುಲುಕಿ, ನಳಿಗೆಗೆ ಬಗ್ಗಿಸಿ, ಹನಿ ಬಿಟ್ಟ. ಮೋಡ ಏಳಲಿಲ್ಲ.

"ಬಿಸಿಲಾಗ ಅಷ್ಟು ದೂರದಿಂದ ಬಂದಿ ತಂಗಿ. ಒಂದು ಕಾಳು ಸಕ್ಕರಿ ಆದ್ರೂ ಹಾಕ್ಕೊಂಡು ಬರಬಾರದಿತ್ತೇನು?" ಎಂದು ನಕ್ಕ.

"ನೀವ ಅಲ್ರಿ, ಇದರಾಗ ಬ್ಯಾರೆ ಏನೂ ಹಾಕಬ್ಯಾಡ ಅಂದಿದ್ದು? ನಮ್ಮ ಅತ್ತಿ ಇದ್ದಿದ್ರ ನನ್ನ ಬೈತಿದ್ಲು."

"ಯಾವುದಕ್ಕ? ಹಾಕಿದ್ದಕ್ಕೋ, ಹಾಕದ್ದಕ್ಕೋ?"

"ಎರಡಕ್ಕೂ."

ಖಾಲಿ ತರುವುದಿಲ್ಲ ಎಂದು ಇಂದ್ರವ್ವ ಮಾತು ಕೊಟ್ಟಿದ್ದಳು. ಖಾಲಿ ತಂದಳು.